ಎಡಿಟರ್‌ನಲ್ಲೇ ಇ-ಪುಸ್ತಕ ಓದುವ ಬಗೆ

ಒಂದು ಪತ್ತೇದಾರಿ ಕಾದಂಬರಿಯ ಕೊನೇ ಅಧ್ಯಾಯಕ್ಕೆ ಬಂದಾಗ ನನಗೆ ತಲೆಬುಡ ತಿಳಿಯಲಿಲ್ಲ. ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂರಿಸಿಕೊಂಡ ಪತ್ತೇದಾರ, ನಿಂತುಹೋದ ಯಾವುದೋ ಗಡಿಯಾರದ ಮೇಲೆ ಇಡೀ ವಾದ ಕಟ್ಟುತ್ತಾನೆ. ಯಾವ ಗಡಿಯಾರ? ಹಿಂದಕ್ಕೆ ಹುಡುಕಿಕೊಂಡು ಹೋದರೆ ಆ ಅಧ್ಯಾಯ ಬಿಟ್ಟು ಇನ್ನೆಲ್ಲೂ ಗಡಿಯಾರದ ಸುದ್ದಿಯೇ ಇಲ್ಲ. ಬರೆದವರನ್ನು ಮನಸಾರೆ ಬೈದುಕೊಂಡೆ. ಆಮೇಲೆ ಅನುಮಾನ ಬಂದು ಮೂಲ ಇಪಬ್ (ಇ-ಪುಸ್ತಕದ ಫೈಲ್) ತೆರೆದರೆ ಗಡಿಯಾರ ಇತ್ತು, ನಿಂತೂ ಇತ್ತು. ಆ ಪ್ಯಾರಾ ಅಳಿಸಿದ್ದು ನಾನೇ.

ಆದದ್ದು ಇಷ್ಟು. ವಿಮ್ ಎಂಬ ಎಡಿಟರ್‌ನಲ್ಲಿ, ಅಂದರೆ ಸಾದಾ ಅಕ್ಷರದ ಫೈಲ್ ಬರೆಯುವ, ತಿದ್ದುವ ತಂತ್ರಾಂಶದಲ್ಲಿ, ಓದುತ್ತಿದ್ದೆ. ಅಲ್ಲಿ 'ಡಿ' ಕೀಲಿಯನ್ನು ಎರಡು ಸಲ ಒತ್ತಿದರೆ ಕರ್ಸರ್ ಇರುವ ಸಾಲು ಮಾಯ. ನನ್ನ ಫೈಲ್‌ನಲ್ಲಿ ಒಂದು ಪ್ಯಾರಾ ಅಂದರೆ ಒಂದೇ ಉದ್ದನೆಯ ಸಾಲು, ಪರದೆಯಲ್ಲಿ ಮಾತ್ರ ಹತ್ತು ಸಾಲಾಗಿ ಮಡಚಿಕೊಂಡಿರುತ್ತದೆ. ಕೆಳಗೆ ಜಾರಲು ಕಂಟ್ರೋಲ್ ಜೊತೆ ಡಿ ಒತ್ತುವ ಬದಲು ಬರೀ ಡಿ ಒತ್ತಿದ್ದೇನೆ, ಪುಟ ಸರಿಯಲಿಲ್ಲ ಅಂತ ಮತ್ತೊಮ್ಮೆ ಒತ್ತಿದ್ದೇನೆ. ಕೊಲೆಯ ಸುಳಿವು ಹೋಯಿತು. ಮುಚ್ಚುವಾಗ ಅಭ್ಯಾಸಬಲದಿಂದ ಸೇವ್ ಕೂಡ ಮಾಡಿದ್ದೇನೆ. ಮೂಲದಿಂದ ಇನ್ನೊಂದು ಪ್ರತಿ ತೆಗೆದು ಎರಡನ್ನೂ ಹೋಲಿಸಿ ನೋಡಿದಾಗ ಒಟ್ಟು ಮೂರು ಪ್ಯಾರಾ ಕಾಣೆಯಾಗಿದ್ದವು. ಇನ್ನೆರಡು ಹೋದದ್ದು ನನಗೆ ಗೊತ್ತೇ ಆಗಿರಲಿಲ್ಲ.

ಇಷ್ಟೆಲ್ಲ ಆದಮೇಲೂ ನಾನು ಎಡಿಟರ್‌ನಲ್ಲೇ ಓದುತ್ತೇನೆ. ಯಂತ್ರಗಳ ಕೈಪಿಡಿ ಅನುವಾದಿಸುವುದು ನನ್ನ ಕೆಲಸ, ಬೆಳಗಿನಿಂದ ಸಂಜೆಯವರೆಗೆ ಈಮ್ಯಾಕ್ಸ್ ಎಂಬ ಇನ್ನೊಂದು ಎಡಿಟರ್ ತೆರೆದೇ ಇರುತ್ತದೆ. ಹುಡುಕುವ, ಗುರುತು ಹಾಕುವ, ಹಾರುವ ಕೀಲಿಗಳೆಲ್ಲ ಬೆರಳಿಗೆ ಗೊತ್ತು. ಓದಲೆಂದೇ ಮಾಡಿದ ಆ್ಯಪ್‌ಗೆ ಹೋದರೆ ಎಲ್ಲವನ್ನೂ ಮರೆತು ಪರದೆಯನ್ನು ಬೆರಳಿನಿಂದ ಉಜ್ಜುತ್ತಾ ಕೂರಬೇಕು. (ದೂರದಿಂದ ನೋಡುವವರಿಗೆ ನಾನು ಕೆಲಸ ಮಾಡುತ್ತಿರುವಂತೆಯೇ ಕಾಣುತ್ತದೆ ಎನ್ನುವುದು ಇನ್ನೊಂದು ಅನುಕೂಲ.)

ಮುಂದೆ ಹೇಳುವುದೆಲ್ಲ ನಾನು ಮಾಡಿಕೊಂಡ ವ್ಯವಸ್ಥೆ. ಕಮಾಂಡ್‌ಗಳನ್ನು ಫೋನಿನಲ್ಲಿ ಹೇಳಿಕೊಡುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಹೊಡೆಯುವಾಗ ಇಂಗ್ಲಿಷ್ ಅಕ್ಷರದಲ್ಲಿ ಹೊಡೆದುಕೊಳ್ಳಿ.

ಮೊದಲು ಗಂಟು ಬಿಚ್ಚಿ

ಇಪಬ್ ಅಂದರೆ ಜಿಪ್ ಮಾಡಿದ ಒಂದು ಗಂಟು, ಅಷ್ಟೆ. ಯಾವುದಾದರೂ ಇಪಬ್‌ನ ನಕಲು ಮಾಡಿಕೊಂಡು, ಹೆಸರಿನ ಬಾಲವನ್ನು ಜಿಪ್ ಎಂದು ಬದಲಿಸಿ, ಬಿಚ್ಚಿ ನೋಡಿ. ಮೈಮ್‌ಟೈಪ್ ಎಂಬ ಪುಟ್ಟ ಫೈಲ್ ಇರುತ್ತದೆ, ಒಳಗೆ ಒಂದೇ ಸಾಲು. ಮೆಟಾ-ಇನ್ಫ್ ಫೋಲ್ಡರ್‌ನಲ್ಲಿ ಕಂಟೇನರ್ ಎಂಬ ಫೈಲ್, ಅದು ಓಪಿಎಫ್ ಎಂಬ ಇನ್ನೊಂದು ಫೈಲ್ ಎಲ್ಲಿದೆ ಎಂದು ಕೈತೋರಿಸುತ್ತದೆ. ಪುಸ್ತಕದ ಜಾತಕ ಇರುವುದು ಈ ಓಪಿಎಫ್‌ನಲ್ಲಿ: ಹೆಸರು, ಬರೆದವರು, ಒಳಗಿರುವ ಫೈಲ್‌ಗಳ ಪಟ್ಟಿ, ಕೊನೆಗೆ 'ಸ್ಪೈನ್' ಎಂಬ ಭಾಗದಲ್ಲಿ ಅವನ್ನು ಯಾವ ಕ್ರಮದಲ್ಲಿ ಓದಬೇಕೆಂಬ ಲೆಕ್ಕ. ಅಧ್ಯಾಯಗಳೆಲ್ಲ ಎಕ್ಸ್‌ಎಚ್‌ಟಿಎಂಎಲ್, ಅಂದರೆ ವೆಬ್ ಪುಟಗಳೇ. 2007ರ ಇಪಬ್ 2 ಆಗಲಿ 2011ರ ಇಪಬ್ 3 ಆಗಲಿ, ಒಳಗಿನ ಈ ಕಟ್ಟು ಹೆಚ್ಚುಕಡಿಮೆ ಒಂದೇ.

ವಿಮ್‌ನವರು ಬಿಚ್ಚುವುದೂ ಬೇಡ. ಇಪಬ್ ಹೆಸರು ಕೊಟ್ಟು ತೆರೆದರೆ ವಿಮ್ ಜೊತೆಗೇ ಬರುವ ಜಿಪ್ ಪ್ಲಗಿನ್ ಒಳಗಿನ ಫೈಲ್‌ಗಳ ಪಟ್ಟಿ ಹರಡುತ್ತದೆ, ಬೇಕಾದ್ದರ ಮೇಲೆ ಎಂಟರ್ ಒತ್ತಬಹುದು. ಒಳಗೆ ಏನಿದೆ ಎಂದು ಇಣುಕಲು ಇದು ಚೆನ್ನ. ಟ್ಯಾಗ್‌ಗಳ ಮುಳ್ಳುಬೇಲಿ ದಾಟಿಕೊಂಡು ಕಾದಂಬರಿ ಓದುವುದು ಮಾತ್ರ ಯಾರಿಂದಲೂ ಆಗದ ಕೆಲಸ.

ಈಮ್ಯಾಕ್ಸ್‌ನವರಿಗೆ 'ನೋವ್' ಎಂಬ ಪ್ಯಾಕೇಜ್ ಇದೆ. ಇಪಬ್ ತೆರೆದರೆ ಓದುವಂತೆ ಜೋಡಿಸಿ ಕೊಡುತ್ತದೆ, ಚಿತ್ರಗಳೂ ಕಾಣುತ್ತವೆ. ಮುಂದಿನ ಅಧ್ಯಾಯಕ್ಕೆ 'ಎನ್', ಹಿಂದಿನದಕ್ಕೆ 'ಪಿ', ಪರಿವಿಡಿಗೆ 'ಟಿ'. ಎಲ್ಲಿ ನಿಲ್ಲಿಸಿದ್ದೆವೋ ಅದನ್ನೂ ನೆನಪಿಡುತ್ತದೆ. ಒಂದು ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ನೇರ ಓದಿ ಮುಗಿಸುವವರಿಗೆ ಇಲ್ಲಿಗೇ ಸಾಕು, ಉಳಿದದ್ದು ಓದಬೇಕಿಲ್ಲ. ನಾನು ಅದನ್ನು ಬಿಟ್ಟದ್ದು ಒಂದೇ ಕಾರಣಕ್ಕೆ: ಅದು ಒಂದು ಸಲಕ್ಕೆ ಒಂದು ಅಧ್ಯಾಯದ ಫೈಲ್ ಅನ್ನು ಮಾತ್ರ ತೆರೆಯುತ್ತದೆ. ಹುಡುಕಿದರೆ ಆ ಅಧ್ಯಾಯದಲ್ಲಿ ಮಾತ್ರ ಹುಡುಕುತ್ತದೆ. ಮೂರನೇ ಅಧ್ಯಾಯದಲ್ಲಿ ಒಮ್ಮೆ ಬಂದ ಪಾತ್ರ ಇಪ್ಪತ್ತನೆಯದರಲ್ಲಿ ದಿಢೀರನೆ ಎದುರಾದಾಗ 'ಇವನ್ಯಾರು' ಎಂದು ಕೇಳಲು ಇಡೀ ಪುಸ್ತಕ ಒಂದೇ ಕಡೆ ಇರಬೇಕು.

ಒಂದೇ ಫೈಲ್ ಮಾಡಿ

ಅದಕ್ಕೆ ಪ್ಯಾಂಡಾಕ್. 2006ರಲ್ಲಿ ಜಾನ್ ಮ್ಯಾಕ್‌ಫಾರ್ಲೇನ್ ಬಿಡುಗಡೆ ಮಾಡಿದ, ಒಂದು ಬಗೆಯ ದಾಖಲೆಯನ್ನು ಇನ್ನೊಂದು ಬಗೆಗೆ ತಿರುಗಿಸುವ ಉಚಿತ ಸಾಧನ. ಟರ್ಮಿನಲ್ (ಕಮಾಂಡ್ ಹೊಡೆಯುವ ಕಿಟಕಿ) ತೆರೆದು ಹೀಗೆ ಹೊಡೆಯಿರಿ:

ಪ್ಯಾಂಡಾಕ್ ಪುಸ್ತಕ.ಇಪಬ್ --ಟು=ಪ್ಲೇನ್ --ರ‍್ಯಾಪ್=ನನ್ -ಓ ಪುಸ್ತಕ.ಟಿಎಕ್ಸ್‌ಟಿ

ಇದರಲ್ಲಿ ನಡುವಿನ ತುಂಡನ್ನು, ಅಂದರೆ 'ರ‍್ಯಾಪ್ ನನ್' ಎಂಬುದನ್ನು, ಬಿಡಬೇಡಿ. ಬಿಟ್ಟರೆ ಪ್ಯಾಂಡಾಕ್ ಪ್ರತಿ 72 ಅಕ್ಷರಕ್ಕೆ ಸಾಲು ಮುರಿಯುತ್ತದೆ. ಫಾಂಟ್ ದೊಡ್ಡದು ಮಾಡಿದ ಕೂಡಲೇ ಒಂದು ಉದ್ದ ಸಾಲು, ಒಂದು ಗಿಡ್ಡ ಸಾಲು, ಹೀಗೆ ಹಲ್ಲುಬಿದ್ದ ಬಾಚಣಿಗೆಯಂತೆ ಕಾಣುತ್ತದೆ. ಅದಕ್ಕಿಂತ ಮುಖ್ಯ, ಎರಡು ಪದದ ಒಂದು ನುಡಿಗಟ್ಟು ಸಾಲಿನ ತುದಿಯಲ್ಲಿ ಮುರಿದಿದ್ದರೆ ಹುಡುಕಿದಾಗ ಸಿಗುವುದಿಲ್ಲ. 'ನನ್' ಎಂದರೆ ಪ್ಯಾರಾಕ್ಕೊಂದು ಸಾಲು. ಮಡಚುವ ಕೆಲಸ ಎಡಿಟರ್ ನೋಡಿಕೊಳ್ಳಲಿ.

'ಪ್ಲೇನ್' ಬದಲು ಮಾರ್ಕ್‌ಡೌನ್ (ತಲೆಬರಹ ಮುಂತಾದವನ್ನು ಚಿಹ್ನೆಗಳಿಂದ ಗುರುತಿಸುವ ಬಗೆ) ಮಾಡಿಕೊಳ್ಳಿ, ತಲೆಬರಹ ಉಳಿಯುತ್ತದೆ ಎಂದು ಕೆಲವರು ಹೇಳುತ್ತಾರೆ. ಉಳಿಯುತ್ತದೆ, ಜೊತೆಗೆ ಬಹಳಷ್ಟು ಪುಸ್ತಕಗಳಲ್ಲಿ ಕಾಲನ್‌ಗಳ ಸಾಲು, ಪುಷ್ಪಾವರಣ, ಆವರಣದೊಳಗೆ ಸಂಕೇತ, ಎಲ್ಲ ಕಸವೂ ಉಳಿಯುತ್ತದೆ. ನನಗೆ ಪ್ಲೇನ್ ಸಾಕು.

ಮೊಬಿ, ಎಜೆಡ್‌ಡಬ್ಲ್ಯೂ3 ಬಗೆಯ ಫೈಲ್ ಇದ್ದರೆ ಕ್ಯಾಲಿಬರ್ ಎಂಬ ಇ-ಪುಸ್ತಕ ತಂತ್ರಾಂಶ ಹಾಕಿಕೊಂಡು, ಅದರ ಜೊತೆ ಬರುವ ಇಬುಕ್-ಕನ್ವರ್ಟ್ ಕಮಾಂಡ್‌ನಿಂದ ಮೊದಲು ಇಪಬ್ ಮಾಡಿ, ಆಮೇಲೆ ಪ್ಯಾಂಡಾಕ್‌ಗೆ ಕೊಡಿ. ಪಿಡಿಎಫ್ ಸಹವಾಸ ಬೇಡ. ಪ್ಯಾಂಡಾಕ್ ಅದನ್ನು ಓದುವುದೇ ಇಲ್ಲ. ಬೇರೆ ಸಾಧನಗಳಿಂದ ಅಕ್ಷರ ತೆಗೆದರೆ ಪುಟಸಂಖ್ಯೆ ವಾಕ್ಯದ ನಡುವೆ ಬಂದು ಕೂರುತ್ತದೆ, ಕನ್ನಡದ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತವೆ.

ಪ್ರಾಜೆಕ್ಟ್ ಗುಟೆನ್‌ಬರ್ಗ್ 1971ರಿಂದ ಪುಸ್ತಕಗಳನ್ನು ಸಾದಾ ಅಕ್ಷರದಲ್ಲಿ ಕೊಡುತ್ತಾ ಬಂದಿದೆ, ಅವನ್ನು ಹಾಗೇ ಎಡಿಟರ್‌ಗೆ ಎಳೆದುಕೊಳ್ಳಬಹುದು. ಆದರೆ ಅವುಗಳಲ್ಲೂ ಸಾಲುಗಳು ಸುಮಾರು 70 ಅಕ್ಷರಕ್ಕೆ ಮುರಿದಿರುತ್ತವೆ. ಅಲ್ಲಿಂದಲೂ ನಾನು ಇಪಬ್ ಅನ್ನೇ ಇಳಿಸಿಕೊಂಡು ಪ್ಯಾಂಡಾಕ್‌ಗೆ ಹಾಕುತ್ತೇನೆ. ಕನ್ನಡಕ್ಕೆ ವಿಕಿಸೋರ್ಸ್ ಇದೆ, ಅಲ್ಲಿನ ಪುಸ್ತಕಗಳನ್ನೂ ಇಪಬ್ ಆಗಿ ಪಡೆಯಬಹುದು.

ದುಡ್ಡು ಕೊಟ್ಟು ಕೊಂಡ ಕೆಲವು ಪುಸ್ತಕಗಳು ತಿರುಗಿಸಿದಾಗ ಏನೂ ಬರುವುದಿಲ್ಲ, ಇಲ್ಲವೇ ಕಸ ಬರುತ್ತದೆ. ಅವುಗಳಿಗೆ ಡಿಆರ್‌ಎಂ ಬೀಗ, ಅಂದರೆ ಮಾರುವವರು ನಕಲು ತಡೆಯಲು ಹಾಕಿದ ಬೀಗ, ಇರುತ್ತದೆ. ಮೆಟಾ-ಇನ್ಫ್ ಫೋಲ್ಡರ್‌ನಲ್ಲಿ ಎನ್‌ಕ್ರಿಪ್ಶನ್ ಎಂಬ ಫೈಲ್ ಇದೆಯೇ ನೋಡಿ. ಇದ್ದ ಮಾತ್ರಕ್ಕೆ ಬೀಗ ಎಂದೂ ಅಲ್ಲ, ಒಳಗಿನ ಫಾಂಟ್ ಅನ್ನು ಮಾತ್ರ ಮರೆಮಾಡಿದಾಗಲೂ ಅದು ಇರುತ್ತದೆ. ಅಧ್ಯಾಯದ ಫೈಲ್‌ಗಳ ಹೆಸರೂ ಅದರಲ್ಲಿದ್ದರೆ ಆ ಪುಸ್ತಕವನ್ನು ಅವರ ಆ್ಯಪ್‌ನಲ್ಲೇ ಓದಿ.

ಸಾದಾ ಅಕ್ಷರಕ್ಕೆ ತಂದಾಗ ಹೋಗುವುದೂ ಇದೆ. ಚಿತ್ರಗಳು ಹೋಗುತ್ತವೆ. ಪದ್ಯದ ಸಾಲುಗಳನ್ನು ಒಳಸರಿಸಿ ಅಚ್ಚು ಮಾಡಿದ್ದರೆ ಆ ಚಂದ ಹೋಗುತ್ತದೆ. ಕವನಸಂಕಲನವನ್ನು ನಾನು ಈ ದಾರಿಯಲ್ಲಿ ಓದುವುದಿಲ್ಲ.

ಬೀಗ ಹಾಕಿ

ಓದುವಾಗ ಕೈತಪ್ಪಿ ಏನೂ ಅಳಿಯದಂತೆ ಪುಸ್ತಕದ ಫೈಲ್ ಅನ್ನು ಓದಲು ಮಾತ್ರ ಎಂದು ಮಾಡಿಡಬೇಕು. ಲಿನಕ್ಸ್ ಅಥವಾ ಮ್ಯಾಕ್ ಆದರೆ 'ಸಿಎಚ್‌ಮಾಡ್ ಎ-ಡಬ್ಲ್ಯೂ' ಎಂದು ಬರೆದು ಮುಂದೆ ಫೈಲ್ ಹೆಸರು. ವಿಂಡೋಸ್ ಆದರೆ ಫೈಲ್ ಮೇಲೆ ಬಲಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ರೀಡ್-ಓನ್ಲಿ ಎಂಬಲ್ಲಿ ಟಿಕ್. ಇದು ಫೈಲ್‌ಗೇ ಹಾಕುವ ಬೀಗ, ಯಾವ ಎಡಿಟರ್‌ನಲ್ಲಿ ತೆರೆದರೂ ಇರುತ್ತದೆ. ವಿಮ್ ಮಾತ್ರ ಇಂಥ ಫೈಲ್‌ನಲ್ಲೂ ತಿದ್ದಲು ಬಿಡುತ್ತದೆ, ಒಂದು ಎಚ್ಚರಿಕೆ ತೋರಿಸಿ ಸುಮ್ಮನಾಗುತ್ತದೆ, ಸೇವ್ ಮಾಡುವಾಗಷ್ಟೇ ತಡೆಯುತ್ತದೆ. ಹಾಗಾಗಿ ವಿಮ್‌ನಲ್ಲಿ ಕಾಲನ್ ಒತ್ತಿ 'ಸೆಟ್ ನೋಮಾಡಿಫಯಬಲ್' ಎಂದೂ ಕೊಡಿ. ಆಮೇಲೆ ಡಿ ಎಷ್ಟು ಸಲ ಒತ್ತಿದರೂ ಗಡಿಯಾರ ಅಲುಗುವುದಿಲ್ಲ.

ಈಮ್ಯಾಕ್ಸ್‌ನಲ್ಲಿ ಈ ಬೀಗದಿಂದ ಇನ್ನೊಂದು ಲಾಭ ಹುಟ್ಟುತ್ತದೆ. 'ವ್ಯೂ-ರೀಡ್-ಓನ್ಲಿ' ಎಂಬ ಸೆಟ್ಟಿಂಗ್ ಆನ್ ಮಾಡಿಟ್ಟರೆ ಬೀಗ ಹಾಕಿದ ಯಾವ ಫೈಲ್ ತೆರೆದರೂ ತಾನಾಗಿಯೇ ವ್ಯೂ ಮೋಡ್‌ಗೆ ಹೋಗುತ್ತದೆ. ಅಲ್ಲಿ ಸ್ಪೇಸ್ ಒತ್ತಿದರೆ ಮುಂದಿನ ಪುಟ, ಶಿಫ್ಟ್ ಜೊತೆ ಸ್ಪೇಸ್ ಒತ್ತಿದರೆ ಹಿಂದಿನದು. ಹೆಬ್ಬೆರಳು ಒಂದು ಸಾಕು. 'ಸೇವ್-ಪ್ಲೇಸ್-ಮೋಡ್' ಕೂಡ ಆನ್ ಮಾಡಿದರೆ ಬಿಟ್ಟಲ್ಲಿಂದಲೇ ತೆರೆಯುತ್ತದೆ.

ನ್ಯಾನೋ ಎಂಬ ಎಡಿಟರ್ ಬಳಸುವವರು '-ವಿ' ಎಂಬ ಆಯ್ಕೆಯೊಂದಿಗೆ ತೆರೆಯಿರಿ, ಅದು ಬರೀ ನೋಡುವುದಕ್ಕೆ.

ಕಣ್ಣಿಗೆ ಹಿತವಾಗುವಂತೆ

ಇಂಗ್ಲಿಷ್ ಪುಸ್ತಕ ಎಲ್ಲಿ ತೆರೆದರೂ ನಡೆದೀತು. ಕನ್ನಡದ್ದನ್ನು ಟರ್ಮಿನಲ್‌ನಲ್ಲಿ ತೆರೆಯಬೇಡಿ. ಬಹುತೇಕ ಟರ್ಮಿನಲ್‌ಗಳು ಪರದೆಯನ್ನು ಸಮ ಅಗಲದ ಚೌಕಗಳಾಗಿ ಕತ್ತರಿಸಿ ಒಂದೊಂದು ಚೌಕಕ್ಕೆ ಒಂದೊಂದು ಅಕ್ಷರ ತುರುಕುತ್ತವೆ. 'ಲಕ್ಷ್ಮಿ' ಎಂಬ ಪದ ನಮ್ಮ ಕಣ್ಣಿಗೆ ಎರಡು ಅಕ್ಷರ. ಯೂನಿಕೋಡ್‌ನಲ್ಲಿ ಅದು ಏಳು ಚಿಹ್ನೆ: ಲ, ಕ, ಹಲಂತ, ಷ, ಹಲಂತ, ಮ, ಗುಡಿಸು. ಈ ಏಳನ್ನು ಜೋಡಿಸಿ ಎರಡಾಗಿ ಬರೆಯುವ ಕುಶಲತೆ ಚೌಕದ ಲೆಕ್ಕದವರಿಗೆ ಇಲ್ಲ, ಷ ಒಂದು ಕಡೆ ಮ ಒಂದು ಕಡೆ ಬೀಳುತ್ತದೆ. ಕಿಟಕಿಯಲ್ಲಿ ತೆರೆಯುವ ಜೀವಿಮ್ ಕೂಡ ಇದೇ ಚೌಕದ ಸಂಪ್ರದಾಯದ್ದು. ಈಮ್ಯಾಕ್ಸ್ 2020ರ 27ನೇ ಆವೃತ್ತಿಯಿಂದ ಹಾರ್ಫ್‌ಬಜ್ ಎಂಬ ಅಕ್ಷರಜೋಡಣೆಯ ಲೈಬ್ರರಿಯನ್ನು ಬಳಸುತ್ತದೆ, ಹಾಗಾಗಿ ಅದರ ಕಿಟಕಿಯಲ್ಲಿ ಕನ್ನಡ ಸರಿಯಾಗಿ ಮೂಡುತ್ತದೆ. ನಾನು ವಿಮ್ ಬಿಟ್ಟು ಈಮ್ಯಾಕ್ಸ್‌ನಲ್ಲಿ ಓದತೊಡಗಿದ್ದಕ್ಕೆ ಗಡಿಯಾರದಷ್ಟೇ ಇದೂ ಕಾರಣ.

ಫಾಂಟ್ ನೋಟೋ ಸೆರಿಫ್ ಕನ್ನಡ. ಸಾಲುಗಳ ನಡುವಿನ ಅಂತರವನ್ನು, ಅಂದರೆ 'ಲೈನ್-ಸ್ಪೇಸಿಂಗ್' ಎಂಬುದನ್ನು, 0.4ಕ್ಕೆ ಇಟ್ಟಿದ್ದೇನೆ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತಿದ್ದರೆ ಹತ್ತು ನಿಮಿಷದಲ್ಲಿ ಕಣ್ಣು ಸೋಲುತ್ತದೆ. 'ವಿಶುವಲ್-ಲೈನ್-ಮೋಡ್' ಆನ್ ಮಾಡಿದರೆ ಪದದ ಹೊಟ್ಟೆ ಸೀಳದೆ ಪದಗಳ ನಡುವೆ ಮಡಚುತ್ತದೆ. ವಿಮ್‌ನಲ್ಲಿ ಇದಕ್ಕೆ 'ಸೆಟ್ ಲೈನ್‌ಬ್ರೇಕ್'. ಅಲ್ಲಿ ಉದ್ದ ಪ್ಯಾರಾ ಪರದೆಯ ಬುಡದಲ್ಲಿ ಹಿಡಿಸದೆ ಬರೀ @ ಚಿಹ್ನೆಗಳು ಕಂಡರೆ 'ಸೆಟ್ ಡಿಸ್‌ಪ್ಲೇ=ಲಾಸ್ಟ್‌ಲೈನ್' ಎಂದು ಕೊಡಿ, ಆಗ ಹಿಡಿಸುವಷ್ಟನ್ನು ತೋರಿಸುತ್ತದೆ.

ಅಗಲವಾದ ಪರದೆ ಇದ್ದವರಿಗೆ ನನ್ನ ಅಚ್ಚುಮೆಚ್ಚಿನ ಉಪಾಯ: ಈಮ್ಯಾಕ್ಸ್‌ನಲ್ಲಿ ಕಂಟ್ರೋಲ್-ಎಕ್ಸ್ ಒತ್ತಿ 3 ಒತ್ತಿದರೆ ಕಿಟಕಿ ಉದ್ದುದ್ದ ಎರಡಾಗುತ್ತದೆ. ಎರಡರಲ್ಲೂ ಅದೇ ಪುಸ್ತಕ. ಈಗ 'ಫಾಲೋ-ಮೋಡ್' ಆನ್ ಮಾಡಿ. ಎಡಗಡೆ ಎಲ್ಲಿ ಮುಗಿಯಿತೋ ಬಲಗಡೆ ಅಲ್ಲಿಂದ ಶುರು, ತೆರೆದಿಟ್ಟ ಪುಸ್ತಕದ ಎರಡು ಪುಟದ ಹಾಗೆ. ಸ್ಪೇಸ್ ಒತ್ತಿದರೆ ಎರಡೂ ಒಟ್ಟಿಗೆ ಮುಂದೆ ಸರಿಯುತ್ತವೆ.

ಪ್ಯಾರಾಕ್ಕೊಂದು ವಿಳಾಸ

ಇ-ಪುಸ್ತಕದಲ್ಲಿ ಪುಟಸಂಖ್ಯೆಗೆ ಅರ್ಥವಿಲ್ಲ. ಫಾಂಟ್ ಒಂದು ಅಳತೆ ಹೆಚ್ಚಿಸಿದರೆ 112ನೇ ಪುಟ 140 ಆಗುತ್ತದೆ. ನಮ್ಮ ಫೈಲ್‌ನಲ್ಲಿ ಪ್ಯಾರಾಕ್ಕೊಂದೇ ಸಾಲು ಇರುವುದರಿಂದ ಸಾಲಿನ ಸಂಖ್ಯೆಯೇ ಪ್ಯಾರಾದ ವಿಳಾಸ. ಫಾಂಟ್ ಎಷ್ಟೇ ಹಿಗ್ಗಿಸಿ, ಕಿಟಕಿ ಎಷ್ಟೇ ಕುಗ್ಗಿಸಿ, ಅದು ಕದಲುವುದಿಲ್ಲ. (ನಡುವಿನ ಖಾಲಿ ಸಾಲುಗಳೂ ಎಣಿಕೆಗೆ ಸೇರುತ್ತವೆ, ಸೇರಲಿ.) ಈಮ್ಯಾಕ್ಸ್‌ನಲ್ಲಿ ಮೆಟಾ-ಜಿ, ಮತ್ತೊಂದು ಜಿ, ಸಂಖ್ಯೆ. ಮೆಟಾ ಅಂದರೆ ಆಲ್ಟ್ ಕೀಲಿ. ವಿಮ್‌ನಲ್ಲಿ ಸಂಖ್ಯೆ ಹೊಡೆದು ಕ್ಯಾಪಿಟಲ್ ಜಿ.

ಟಿಪ್ಪಣಿಗೆ ಪ್ರತ್ಯೇಕ ಫೈಲ್ ಇಟ್ಟುಕೊಳ್ಳಿ. ಪುಸ್ತಕದ ಫೈಲ್‌ಗೆ ಬೀಗ ಇದೆ, ಬೇರೆ ದಾರಿಯೂ ಇಲ್ಲ. ನನ್ನ ಟಿಪ್ಪಣಿಗಳು ಹೀಗಿರುತ್ತವೆ: "846: ಅಜ್ಜಿ ಸುಳ್ಳು ಹೇಳುತ್ತಿದ್ದಾಳೆ, 310 ನೋಡು." ನನ್ನ ಒಬ್ಬ ಗೆಳತಿ ಅದೇ ಇಪಬ್ ಅನ್ನು ಅದೇ ಕಮಾಂಡ್‌ನಿಂದ ತಿರುಗಿಸಿಕೊಂಡು ಓದುತ್ತಾಳೆ. ಕೆಲವೊಮ್ಮೆ ಅವಳಿಂದ ಬರುವ ಸಂದೇಶದಲ್ಲಿ ಬರೀ '2316' ಅಂತಿರುತ್ತದೆ. ಹೋಗಿ ಓದಿ ನಗುವುದು ನನ್ನ ಪಾಲಿನ ಕೆಲಸ.

ಪರಿವಿಡಿ ಬೇಕಿದ್ದರೆ ಈಮ್ಯಾಕ್ಸ್‌ನಲ್ಲಿ ಮೆಟಾ-ಎಕ್ಸ್ ಒತ್ತಿ 'ಅಕರ್' ಎಂಬ ಕಮಾಂಡ್ ಕೊಟ್ಟು ^ಅಧ್ಯಾಯ ಎಂದು ಬರೆಯಿರಿ. ^ ಅಂದರೆ ಸಾಲಿನ ಮೊದಲಿಗೆ. ಅಧ್ಯಾಯ ಎಂದು ಶುರುವಾಗುವ ಸಾಲುಗಳೆಲ್ಲ ಸಂಖ್ಯೆಸಮೇತ ಪಕ್ಕದಲ್ಲಿ ಬಂದು ನಿಲ್ಲುತ್ತವೆ. ಒಂದರ ಮೇಲೆ ಎಂಟರ್ ಒತ್ತಿದರೆ ಅಲ್ಲಿಗೆ ಹಾರುತ್ತದೆ. ಇದೇ ಅಕರ್‌ಗೆ ಪಾತ್ರದ ಹೆಸರು ಕೊಟ್ಟರೆ ಆ ಪಾತ್ರ ಬಂದುಹೋದ ಅಷ್ಟೂ ಪ್ಯಾರಾಗಳು.

ಕನ್ನಡದಲ್ಲಿ ಹುಡುಕುವ ಕಷ್ಟ

ಇಂಗ್ಲಿಷ್ ಪುಸ್ತಕದಲ್ಲಿ ಹುಡುಕುವುದು ಸಲೀಸು. ಕನ್ನಡದಲ್ಲಿ ವ್ಯಾಕರಣ ಅಡ್ಡ ಬರುತ್ತದೆ. 'ಮರ' ಹುಡುಕಿದರೆ ಮರದ, ಮರಕ್ಕೆ, ಮರವನ್ನು ಎಲ್ಲ ಸಿಗುತ್ತವೆ, ಅದು ಸಂತೋಷ. ಜೊತೆಗೆ ಮರಳು, ಮರಣ, ಅಮರ, ಸಮರ ಕೂಡ ಸಾಲುಗಟ್ಟಿ ಬರುತ್ತವೆ. ಪದದ ಮೊದಲಿಗೆ ಒಂದು ಸ್ಪೇಸ್ ಸೇರಿಸಿ ಹುಡುಕಿದರೆ ಅಮರ, ಸಮರ ಹೋಗುತ್ತವೆ, ಪಾಪ ಹೆಮ್ಮರವೂ ಹೋಗುತ್ತದೆ.

ಆದೇಶ ಸಂಧಿ ಇದಕ್ಕಿಂತ ಕಳ್ಳ. 'ಕಾಲ' ಎಂದು ಹುಡುಕಿದರೆ 'ಮಳೆಗಾಲ' ಸಿಗುವುದಿಲ್ಲ, 'ಕನ್ನಡ' ಎಂದರೆ 'ಹೊಸಗನ್ನಡ' ಸಿಗುವುದಿಲ್ಲ, ಕಕಾರ ಗಕಾರವಾಗಿ ವೇಷ ಹಾಕಿಕೊಂಡಿದೆ. ಈಮ್ಯಾಕ್ಸ್‌ನಲ್ಲಿ ಕಂಟ್ರೋಲ್-ಮೆಟಾ-ಎಸ್ ಒತ್ತಿ [ಕಗ]ನ್ನಡ ಎಂದು ಕೊಡಿ. ಚೌಕ ಕಂಸದೊಳಗಿನ ಯಾವುದಾದರೂ ಒಂದು ಅಕ್ಷರ ಎಂದು ಅದರ ಅರ್ಥ, ಎರಡೂ ಸಿಗುತ್ತವೆ. ತಕಾರ ದಕಾರಕ್ಕೂ, ಪಕಾರ ಬಕಾರಕ್ಕೂ ಹೀಗೇ.

ಕಣ್ಣಿಗೆ ಕಾಣದ ಚಿಹ್ನೆಗಳದ್ದು ಇನ್ನೊಂದು ಕಾಟ. 'ಸಾಫ್ಟ್‌ವೇರ್' ಎಂಬ ಪದದಲ್ಲಿ ಟಕಾರಕ್ಕೂ ವಕಾರಕ್ಕೂ ನಡುವೆ, ಅವು ಒತ್ತಕ್ಷರವಾಗಿ ಅಂಟಿಕೊಳ್ಳದಂತೆ ತಡೆಯುವ ಒಂದು ಚಿಹ್ನೆ ಅಡಗಿದೆ, ಅದಕ್ಕೆ ಅಗಲವೇ ಇಲ್ಲ. ನೀವು ಹುಡುಕುವ ಪದದಲ್ಲಿ ಅದಿಲ್ಲದಿದ್ದರೆ ಎಡಿಟರ್ 'ಇಲ್ಲ' ಎನ್ನುತ್ತದೆ. ಇಂಥ ಪದವನ್ನು ತುಂಡು ಮಾಡಿ 'ಸಾಫ್ಟ್' ಎಂದಷ್ಟೇ ಹುಡುಕಿ.

ಎಲ್ಲಕ್ಕಿಂತ ನನ್ನನ್ನು ಸತಾಯಿಸಿದ್ದು ಸೊನ್ನೆ. ಒಂದು ಪ್ರಬಂಧ ಸಂಕಲನದಲ್ಲಿ 'ಅಂದರೆ' ಹುಡುಕಿದೆ. ಕಣ್ಣೆದುರಿನ ಸಾಲಿನಲ್ಲೇ ಆ ಪದ ಇದೆ, ಎಡಿಟರ್ ಇಲ್ಲ ಅನ್ನುತ್ತಿದೆ. ಆ ಪದದ ಸೊನ್ನೆಯ ಮೇಲೆ ಕರ್ಸರ್ ಇಟ್ಟು ಕಂಟ್ರೋಲ್-ಎಕ್ಸ್ ಮತ್ತು = ಒತ್ತಿದೆ, ಅದು ಕರ್ಸರ್ ಕೆಳಗಿನ ಚಿಹ್ನೆಯ ಸಂಖ್ಯೆ ಹೇಳುತ್ತದೆ. 0ಸಿಇ6 ಎಂದು ಬಂತು. ಅನುಸ್ವಾರದ್ದು 0ಸಿ82. ಅಂದರೆ ಅಲ್ಲಿದ್ದದ್ದು ಅಂಕಿಯ ಸೊನ್ನೆ! ಅನುಸ್ವಾರಕ್ಕೆ ಶಾಲೆಯಲ್ಲಿ 'ಸೊನ್ನೆ' ಎಂದೇ ಕಲಿತವರು ನಾವು. ಟೈಪ್ ಮಾಡಿದ ಪುಣ್ಯಾತ್ಮರು ಅದನ್ನು ಅಕ್ಷರಶಃ ಪಾಲಿಸಿದ್ದಾರೆ. 'ಅಂದರೆ', 'ಅ೦ದರೆ' ಎರಡನ್ನೂ ಪಕ್ಕಪಕ್ಕ ಇಟ್ಟರೂ ಬೇಗ ಗುರುತು ಸಿಗದು. ಸ್ಕ್ಯಾನ್ ಮಾಡಿ ಅಕ್ಷರ ಗುರುತಿಸಿದ ಪುಸ್ತಕಗಳಲ್ಲೂ ಇದು ಇರುತ್ತದೆ.

ಎಲ್ಲ ಸೊನ್ನೆಯನ್ನೂ ಕಣ್ಮುಚ್ಚಿ ಬದಲಿಸಿದರೆ ೧೦, ೨೦೦ ಮುಂತಾದ ನಿಜವಾದ ಅಂಕಿಗಳೂ ಹಾಳಾಗುತ್ತವೆ. ಅಕ್ಷರವೋ ಗುಣಿತವೋ ಇದ್ದು, ಅದರ ಬೆನ್ನಿಗೇ ಇರುವ ಸೊನ್ನೆಯನ್ನು ಮಾತ್ರ ಬದಲಿಸಬೇಕು. ಕಂಟ್ರೋಲ್-ಮೆಟಾ-% ಒತ್ತಿ, ಹುಡುಕಲು

\([ಅ-ೌ]\)೦

ಎಂದೂ, ಬದಲಿಗೆ

\1ಂ

ಎಂದೂ ಕೊಡಿ. ಒಂದೊಂದನ್ನೂ ತೋರಿಸಿ ಕೇಳುತ್ತದೆ. ಹತ್ತಿಪ್ಪತ್ತಕ್ಕೆ 'ವೈ' ಒತ್ತಿ, ಸರಿಯಾಗಿ ಆಗುತ್ತಿದೆ ಅನಿಸಿದಮೇಲೆ ! ಒತ್ತಿದರೆ ಉಳಿದದ್ದನ್ನೆಲ್ಲ ಕೇಳದೆ ಮುಗಿಸುತ್ತದೆ.

ಇದಕ್ಕೆ ಬೀಗ ತೆಗೆಯಬೇಕಾಗುತ್ತದೆ, ಆದ್ದರಿಂದ ಪುಸ್ತಕ ತಿರುಗಿಸಿಕೊಂಡ ಕೂಡಲೇ, ಬೀಗ ಹಾಕುವ ಮುಂಚೆಯೇ ಈ ಕೆಲಸ ಮುಗಿಸಿಕೊಳ್ಳುವುದು ಒಳ್ಳೆಯದು. ಓದುವ ನಡುವೆ ನೆನಪಾದರೂ ಅಡ್ಡಿಯಿಲ್ಲ: ಸೊನ್ನೆ ಬದಲಾದರೆ ಸಾಲುಗಳ ಸಂಖ್ಯೆ ಬದಲಾಗುವುದಿಲ್ಲ, ಗೆಳತಿಯ 2316 ನನ್ನಲ್ಲೂ 2316 ಆಗಿಯೇ ಇರುತ್ತದೆ. ಸೇವ್ ಮಾಡಿ, ಬೀಗ ಹಾಕಿ, ಬಿಟ್ಟಲ್ಲಿಂದ ಸ್ಪೇಸ್ ಒತ್ತಿ.